2,753 ಎಂಬ ಲೆಕ್ಕದ ಒಳಗಿರುವವರು, ಹೊರಗಿರುವವರು

2001ರ ಸೆಪ್ಟೆಂಬರ್ 11ರ ಮಧ್ಯಾಹ್ನ ನ್ಯೂಯಾರ್ಕಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ಎದುರು ವೈದ್ಯರೂ ದಾದಿಯರೂ ಸ್ಟ್ರೆಚರ್‌ಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ರಕ್ತ ಕೊಡಲು ಬಂದವರ ಸಾಲು ರಸ್ತೆಯುದ್ದಕ್ಕೂ ಬೆಳೆದಿತ್ತು. ಬೆಳಿಗ್ಗೆ ನೂರಾರು ಗಾಯಾಳುಗಳು ಬಂದಿದ್ದರು. ಆದರೆ ವಿಶ್ವ ವಾಣಿಜ್ಯ ಕೇಂದ್ರದ ಎರಡೂ ಗೋಪುರಗಳು ಕುಸಿದ ಮೇಲೆ ಬರುವವರ ಸಂಖ್ಯೆ ಇಳಿಯುತ್ತಾ ಹೋಯಿತು, ಸಿದ್ಧಪಡಿಸಿಟ್ಟ ಹಾಸಿಗೆಗಳು ಖಾಲಿಯಾಗಿಯೇ ಉಳಿದವು. ಅವಶೇಷಗಳ ಅಡಿಯಿಂದ ಜೀವಂತವಾಗಿ ಹೊರಬಂದವರು ಒಟ್ಟು 20 ಮಂದಿ. ಕೊನೆಯವರನ್ನು ಹೊರತೆಗೆದದ್ದು ಮರುದಿನ, ಸುಮಾರು 27 ಗಂಟೆಗಳ ನಂತರ. ಆಮೇಲೆ ಯಾರೂ ಸಿಗಲಿಲ್ಲ.

ಆ ದಿನದ ದಾಳಿಗಳಲ್ಲಿ ಮಡಿದವರ ಸಂಖ್ಯೆ, ವಿಮಾನ ಅಪಹರಿಸಿದ 19 ಮಂದಿಯನ್ನು ಬಿಟ್ಟು, 2,977. ಇವರಲ್ಲಿ 184 ಮಂದಿ ವಾಷಿಂಗ್ಟನ್ ಬಳಿಯ ಪೆಂಟಗನ್‌ನಲ್ಲಿ, 40 ಮಂದಿ ಪೆನ್ಸಿಲ್ವೇನಿಯಾದ ಹೊಲದಲ್ಲಿ ಬಿದ್ದ ವಿಮಾನದಲ್ಲಿ, ಉಳಿದ 2,753 ಮಂದಿ ನ್ಯೂಯಾರ್ಕಿನಲ್ಲಿ ಸತ್ತರು. ಈ ಕೊನೆಯ ಅಂಕಿಯನ್ನು ನಾವು ವರ್ಷಗಳಿಂದ ಓದುತ್ತಾ ಬಂದಿದ್ದೇವೆ, ಓದಿ ಮುಂದಿನ ಸಾಲಿಗೆ ಹೋಗುತ್ತೇವೆ. ಆದರೆ ಆ ಅಂಕಿ ಹೇಗೆ ಹುಟ್ಟಿತು, ಅದರೊಳಗೆ ಯಾರು ಸೇರಿದರು, ಯಾರು ಸೇರಲಿಲ್ಲ ಎಂದು ಕೆದಕಿದರೆ, ಎತ್ತರದ ಕಟ್ಟಡದ ಮೇಲಿನ ದಾಳಿಯೊಂದು ಮನುಷ್ಯರಿಂದ ಏನನ್ನು ಕಿತ್ತುಕೊಳ್ಳುತ್ತದೆ, ಎಷ್ಟು ಕಾಲ ಕಿತ್ತುಕೊಳ್ಳುತ್ತಲೇ ಇರುತ್ತದೆ ಎಂಬುದು ಕಾಣತೊಡಗುತ್ತದೆ.

ಮೊದಲ ಪ್ರಶ್ನೆ, ಸಾವು ಇದಕ್ಕಿಂತ ಹೆಚ್ಚಾಗದೆ ಉಳಿದದ್ದು ಹೇಗೆ ಎಂಬುದು. ಕೇಳಲು ಕಠೋರವೆನಿಸಿದರೂ ಅಮೆರಿಕದ ರಾಷ್ಟ್ರೀಯ ಗುಣಮಟ್ಟ ಮತ್ತು ತಂತ್ರಜ್ಞಾನ ಸಂಸ್ಥೆ ವರ್ಷಗಳ ಕಾಲ ತನಿಖೆ ಮಾಡಿದ್ದು ಇದನ್ನೂ ಸೇರಿಸಿಕೊಂಡೇ. ತಲಾ 110 ಮಹಡಿಗಳ ಎರಡು ಗೋಪುರಗಳಲ್ಲಿ ದಾಳಿಯ ಹೊತ್ತಿಗೆ ಇದ್ದವರು ಸುಮಾರು 17,400 ಜನ ಎಂದು ಅದು ಅಂದಾಜು ಮಾಡಿತು. ಪೂರ್ತಿ ತುಂಬಿದ್ದರೆ ಈ ಸಂಖ್ಯೆ ಇದರ ಎರಡು ಪಟ್ಟನ್ನೂ ಮೀರುತ್ತಿತ್ತು. ಮೊದಲ ವಿಮಾನ ಉತ್ತರ ಗೋಪುರಕ್ಕೆ ಅಪ್ಪಳಿಸಿದ್ದು ಬೆಳಿಗ್ಗೆ 8.46ಕ್ಕೆ, ಬಹಳ ಮಂದಿ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. ಅಂದು ನಗರದ ಪ್ರಾಥಮಿಕ ಚುನಾವಣೆಯ ದಿನವಾದ್ದರಿಂದ ಕೆಲವರು ಮತ ಹಾಕಿ ಬರುವವರಿದ್ದರು, ಕೆಲವರು ಮಗುವನ್ನು ಶಾಲೆಗೆ ಬಿಟ್ಟು ಬರುವವರಿದ್ದರು. ಪ್ರವಾಸಿಗರು ಹತ್ತುವ ವೀಕ್ಷಣಾ ಮಹಡಿ ತೆರೆಯುವುದು ಒಂಬತ್ತೂವರೆಗೆ. ಒಂದು ಗಂಟೆ ತಡವಾಗಿ ನಡೆದಿದ್ದರೆ ಎಂದು ಯೋಚಿಸಲೂ ಮನಸ್ಸು ಹಿಂಜರಿಯುತ್ತದೆ.

ಇನ್ನೊಂದು ಕಾರಣ ಹಳೆಯ ಪಾಠ. 1993ರ ಫೆಬ್ರವರಿ 26ರಂದು ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದು 6 ಮಂದಿ ಸತ್ತಿದ್ದರು. ಹೊಗೆ ತುಂಬಿದ, ಕಗ್ಗತ್ತಲ ಮೆಟ್ಟಿಲುಗಳಲ್ಲಿ ಎಲ್ಲರೂ ಇಳಿದುಬರಲು ಅಂದು ಗಂಟೆಗಟ್ಟಲೆ ಹಿಡಿದಿತ್ತು. ಆ ಬಳಿಕ ಮೆಟ್ಟಿಲುಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದರು, ಬ್ಯಾಟರಿ ದೀಪ ಹಾಕಿದರು, ಮಹಡಿಗೊಬ್ಬರಂತೆ ಹೊಣೆಗಾರರನ್ನು ನೇಮಿಸಿ ತಾಲೀಮು ನಡೆಸಿದರು. ಇವು ದೊಡ್ಡ ಆವಿಷ್ಕಾರಗಳೇನೂ ಅಲ್ಲ. ಆದರೂ ವಿಮಾನ ಬಡಿದ ಮಹಡಿಗಳಿಗಿಂತ ಕೆಳಗಿದ್ದವರಲ್ಲಿ ನೂರಕ್ಕೆ 99ರಷ್ಟು ಜನ ಜೀವಂತ ಹೊರಬಂದದ್ದರಲ್ಲಿ ಈ ಬಣ್ಣದ ಪಟ್ಟಿಗಳಿಗೂ ಪಾಲಿದೆ.

ಮೇಲಿದ್ದವರ ಕಥೆಯೇ ಬೇರೆ. ಉತ್ತರ ಗೋಪುರಕ್ಕೆ ವಿಮಾನ 93ರಿಂದ 99ನೇ ಮಹಡಿಗಳ ನಡುವೆ ನುಗ್ಗಿತು. ಕಟ್ಟಡದಲ್ಲಿ ಮೂರು ಮೆಟ್ಟಿಲುದಾರಿಗಳಿದ್ದವು. ಮೂರೂ ಕಟ್ಟಡದ ನಡುಭಾಗದಲ್ಲಿ, ಒಂದಕ್ಕೊಂದು ಹತ್ತಿರದಲ್ಲಿ. ಅವುಗಳ ಸುತ್ತ ಇದ್ದದ್ದು ಕಾಂಕ್ರೀಟ್ ಗೋಡೆಯಲ್ಲ, ಜಿಪ್ಸಂ ಹಲಗೆ. ನಮ್ಮ ಕಚೇರಿಗಳಲ್ಲಿ ಒಂದು ಕೋಣೆಯನ್ನು ಎರಡು ಮಾಡಲು ಅಡ್ಡ ನಿಲ್ಲಿಸುವಂಥ ವಸ್ತು. ಬೆಂಕಿಯನ್ನು ಕೆಲವು ಗಂಟೆ ತಡೆಯಬಲ್ಲ ಅದು ವಿಮಾನದ ಹೊಡೆತಕ್ಕೆ ಪುಡಿಯಾಯಿತು. ಮೂರು ದಾರಿಗಳೂ ಒಂದೇ ಏಟಿಗೆ ಮುಚ್ಚಿಹೋದವು. 91ನೇ ಮಹಡಿಗಿಂತ ಮೇಲಿದ್ದ 1,300ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕಲಿಲ್ಲ. ಅವರಲ್ಲಿ ಬಹುಪಾಲು ಜನ ಹೊಡೆತಕ್ಕೆ ತಕ್ಷಣ ಸತ್ತವರಲ್ಲ. ಗೋಪುರ ಕುಸಿಯುವವರೆಗಿನ 102 ನಿಮಿಷಗಳಲ್ಲಿ ಅವರು ಮನೆಗೆ ಫೋನ್ ಮಾಡಿದರು, ತುರ್ತು ಸೇವೆಗೆ ಕರೆ ಮಾಡಿದರು, ಕಿಟಕಿಯಿಂದ ಬಟ್ಟೆ ಬೀಸಿದರು. 101ರಿಂದ 105ನೇ ಮಹಡಿಗಳಲ್ಲಿದ್ದ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಹಣಕಾಸು ಸಂಸ್ಥೆ ಒಂದೇ ಬೆಳಿಗ್ಗೆ 658 ನೌಕರರನ್ನು ಕಳೆದುಕೊಂಡಿತು. ಅದರ ಮೇಲಿನ ಮಹಡಿಗಳಲ್ಲಿದ್ದ ರೆಸ್ಟೋರೆಂಟಿನಲ್ಲಿ ಬೆಳಗಿನ ತಿಂಡಿಗೆ ಬಂದಿದ್ದವರೂ, ಅವರಿಗೆ ಬಡಿಸುತ್ತಿದ್ದ, ಪಾತ್ರೆ ತೊಳೆಯುತ್ತಿದ್ದ ವಲಸಿಗ ಕೆಲಸಗಾರರೂ ಒಟ್ಟಿಗೇ ಹೋದರು.

ಕೆಲವರು ಕಿಟಕಿಯಿಂದ ಬಿದ್ದರು. ಅಂಥವರು ನೂರಕ್ಕೂ ಹೆಚ್ಚು ಎಂದು ಛಾಯಾಚಿತ್ರ ಮತ್ತು ವಿಡಿಯೊಗಳನ್ನು ಪರಿಶೀಲಿಸಿದವರು ಹೇಳುತ್ತಾರೆ. ಇವರನ್ನು ಹಾರಿದವರು ಎನ್ನಬೇಕೆ, ಬಿದ್ದವರು ಎನ್ನಬೇಕೆ ಎಂಬ ಮಾತು ಆಗ ಬಹಳ ನಡೆಯಿತು. ನಗರದ ವೈದ್ಯಕೀಯ ಪರೀಕ್ಷಕರ ಕಚೇರಿ ಈ ವಿಷಯದಲ್ಲಿ ತೋರಿದ ನಿಲುವು ನನಗೆ ಬಹಳ ಮಾನವೀಯವೆನಿಸುತ್ತದೆ: ಬೆಂಕಿಯೂ ಹೊಗೆಯೂ ಅವರನ್ನು ಹೊರಗೆ ದೂಡಿದವು, ಆದ್ದರಿಂದ ಇದು ಆತ್ಮಹತ್ಯೆಯಲ್ಲ ಎಂದು ಅದು ಎಲ್ಲರ ಮರಣ ಪ್ರಮಾಣಪತ್ರದಲ್ಲೂ ಕೊಲೆ ಎಂದೇ ಬರೆಯಿತು.

ದಕ್ಷಿಣ ಗೋಪುರದ ಮೇಲೆ ಎರಡನೇ ವಿಮಾನ ಬಂದದ್ದು 9.03ಕ್ಕೆ. ನಡುವೆ ಸಿಕ್ಕ 16 ನಿಮಿಷಗಳು ಸಾವಿರಾರು ಜೀವಗಳನ್ನು ಉಳಿಸಿದವು. ಪಕ್ಕದ ಗೋಪುರದ ಬೆಂಕಿ ಕಂಡು ಅನೇಕರು ತಾವಾಗಿಯೇ ಹೊರಟರು. ಲಿಫ್ಟ್‌ಗಳು ಇನ್ನೂ ಕೆಲಸ ಮಾಡುತ್ತಿದ್ದವು. ಆದರೆ ಆ ನಿಮಿಷಗಳಲ್ಲೇ ಧ್ವನಿವರ್ಧಕದಲ್ಲಿ ಪ್ರಕಟಣೆಯೊಂದು ಬಂತು: ಈ ಕಟ್ಟಡ ಸುರಕ್ಷಿತವಾಗಿದೆ, ನಿಮ್ಮ ಕಚೇರಿಗಳಿಗೆ ಮರಳಬಹುದು. ಕೆಲವರು ಅರ್ಧ ದಾರಿಯಿಂದ ಹಿಂದಿರುಗಿದರು. ಪ್ರಕಟಣೆ ಮಾಡಿದವರನ್ನು ದೂರುವುದು ನ್ಯಾಯವಲ್ಲ. ಪಕ್ಕದ ಗೋಪುರದಿಂದ ಉರಿಯುವ ಅವಶೇಷಗಳು ಕೆಳಗೆ ಬೀಳುತ್ತಿದ್ದವು, ಇನ್ನೊಂದು ವಿಮಾನ ಬರುತ್ತದೆಂದು ಯಾರೂ ಊಹಿಸಿರಲಿಲ್ಲ, ಒಳಗಿರುವುದೇ ಕ್ಷೇಮವೆಂಬುದು ಆ ಕಾಲದ ರೂಢಿಯ ತಿಳಿವಳಿಕೆಯಾಗಿತ್ತು. ಆದರೂ ಆ ಮಾತು ಕೇಳಿದವರು ಮತ್ತು ಕೇಳದೆ ನಡೆದವರ ನಡುವೆ ಸಾವು ಗೆರೆ ಎಳೆಯಿತು. ಆ ಗೋಪುರದಲ್ಲಿ ವಿಮಾನ ಒಂದು ಬದಿಗೆ ವಾಲಿ ಬಡಿದದ್ದರಿಂದ ಮೂರರಲ್ಲಿ ಒಂದು ಮೆಟ್ಟಿಲುದಾರಿ ಹೇಗೋ ಉಳಿದಿತ್ತು. ವಿಮಾನ ಬಡಿದ ಮಹಡಿಗಳಿಂದಲೂ ಅದರ ಮೇಲಿನಿಂದಲೂ ಆ ದಾರಿ ಹಿಡಿದು ಪಾರಾದವರು 18 ಜನ. ಉಳಿದ ಆರುನೂರರಷ್ಟು ಮಂದಿಗೆ ಅಂಥದ್ದೊಂದು ದಾರಿಯಿದೆ ಎಂಬುದೇ ತಿಳಿಯಲಿಲ್ಲ. ಕೆಲವರು ಹೆಲಿಕಾಪ್ಟರ್ ಬರಬಹುದೆಂದು ಮೇಲಕ್ಕೆ ಹತ್ತಿದರು, ತಾರಸಿಯ ಬಾಗಿಲಿಗೆ ಬೀಗವಿತ್ತು. 9.59ಕ್ಕೆ ಆ ಗೋಪುರ ಕುಸಿಯಿತು.

ಇಳಿಯುವವರ ಎದುರಿಗೆ ಹತ್ತುತ್ತಾ ಹೋದವರು ಅಗ್ನಿಶಾಮಕ ದಳದವರು. ಮೈಮೇಲೆ ಇಪ್ಪತ್ತೈದು ಮೂವತ್ತು ಕಿಲೊ ಭಾರ ಹೊತ್ತು, ನಾಲ್ಕೈದು ಮಹಡಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ಅವರು ಕಿರಿದಾದ ಮೆಟ್ಟಿಲಿನ ಒಂದು ಅಂಚಿನಲ್ಲಿ ಮೇಲಕ್ಕೆ ಹೋಗುತ್ತಿದ್ದರು. ದಕ್ಷಿಣ ಗೋಪುರ ಬಿದ್ದಾಗ ಉತ್ತರ ಗೋಪುರದ ಒಳಗಿದ್ದ ಅನೇಕರಿಗೆ ಅದು ಬಿದ್ದದ್ದೇ ಗೊತ್ತಾಗಲಿಲ್ಲ. ಹೊರಗೆ ಬನ್ನಿ ಎಂಬ ಆದೇಶ ಹೊರಟರೂ ಎತ್ತರದ ಕಟ್ಟಡದಲ್ಲಿ ಅವರ ವಯರ್‌ಲೆಸ್ ಸರಿಯಾಗಿ ಕೇಳುತ್ತಿರಲಿಲ್ಲ, ಪೊಲೀಸರಿಗೂ ಇವರಿಗೂ ನಡುವೆ ಸಂಪರ್ಕವಿರಲಿಲ್ಲ. ಅಗ್ನಿಶಾಮಕ ದಳದ ಒಟ್ಟು 343 ಮಂದಿ ಸತ್ತರು. ಗೋಪುರಗಳ ಒಡೆತನ ಹೊಂದಿದ್ದ ಬಂದರು ಪ್ರಾಧಿಕಾರದ ಪೊಲೀಸರಲ್ಲಿ 37, ನಗರ ಪೊಲೀಸರಲ್ಲಿ 23.

ಅಗ್ನಿಶಾಮಕ ದಳದ ಒಂದು ತಂಡದ ಅನುಭವವನ್ನು ಹೇಳಲೇಬೇಕು. ಎಪ್ಪತ್ತಕ್ಕೂ ಮೇಲಿನ ಮಹಡಿಯಿಂದ ಕಾಲು ಎಳೆಯುತ್ತಾ ಇಳಿದು ಬಂದ ಮಹಿಳೆಯೊಬ್ಬರು ದಾರಿಯಲ್ಲಿ ಅವರಿಗೆ ಸಿಕ್ಕರು. ಆಕೆಯ ತೋಳು ಹಿಡಿದು, ಆಕೆಯ ನಡಿಗೆಗೇ ತಮ್ಮ ನಡಿಗೆಯನ್ನು ಹೊಂದಿಸಿಕೊಂಡು ಅವರು ಇಳಿಯತೊಡಗಿದರು. ನಾಲ್ಕನೇ ಮಹಡಿಯ ಹತ್ತಿರ ಬಂದಾಗ ಆಕೆ ಇನ್ನಾಗದು ಎಂದು ನಿಂತುಬಿಟ್ಟರು. ಆಗಲೇ ಉತ್ತರ ಗೋಪುರ ಕುಸಿಯಿತು. ಆ ಮೆಟ್ಟಿಲುದಾರಿಯ ಆ ಒಂದು ತುಂಡು ಮಾತ್ರ ನೆಟ್ಟಗೆ ನಿಂತಿತ್ತು. ಆಕೆಯೂ ಆ ತಂಡದವರೂ ಧೂಳಿನಲ್ಲಿ ಮುಳುಗಿ ಜೀವಂತ ಉಳಿದರು. ಬೇಗ ಇಳಿದಿದ್ದರೆ ಕೆಳಗಿನ ಹಜಾರದಲ್ಲಿ ಇರುತ್ತಿದ್ದರು, ಅಲ್ಲಿದ್ದವರು ಉಳಿಯಲಿಲ್ಲ.

ಮೆಟ್ಟಿಲುಗಳ ಬಗ್ಗೆ ಇಷ್ಟು ಬರೆಯುವುದಕ್ಕೆ ಕಾರಣವಿದೆ. ಭಯೋತ್ಪಾದಕನ ಕ್ರೌರ್ಯವನ್ನು ಕಟ್ಟಡದ ನಕ್ಷೆ ತಡೆಯಲಾರದು. ಆದರೆ ಆ ಕ್ರೌರ್ಯ ಎಷ್ಟು ಜನರನ್ನು ಮುಟ್ಟುತ್ತದೆ ಎಂಬುದನ್ನು ನಕ್ಷೆ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ತನಿಖೆಯ ಬಳಿಕ ಅಮೆರಿಕದ ಮಾದರಿ ಕಟ್ಟಡ ಸಂಹಿತೆಯಲ್ಲಿ 420 ಅಡಿಗಿಂತ ಎತ್ತರದ ಕಟ್ಟಡಗಳಿಗೆ ಹೆಚ್ಚುವರಿ ಮೆಟ್ಟಿಲುದಾರಿ, ಗಟ್ಟಿ ಗೋಡೆ, ಹೊಳೆಯುವ ಗುರುತುಗಳು ಕಡ್ಡಾಯವಾದವು. ಇದನ್ನು ಬೆಂಗಳೂರಿನವರು ದೂರದ ಸಂಗತಿಯೆಂದು ಓದಬೇಕಾಗಿಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ದಾಳಿಯೂ ಇರಲಿಲ್ಲ, ವಿಮಾನವೂ ಇರಲಿಲ್ಲ, ನೂರು ಮಹಡಿಗಳೂ ಇರಲಿಲ್ಲ. ಹೊಗೆ ತುಂಬಿ, ಹೊರಹೋಗುವ ದಾರಿ ಕಾಣದೆ ಜನ ಕಿಟಕಿಗಳಿಂದ ಜಿಗಿದರು. 9 ಮಂದಿ ಸತ್ತರು. ಆ ದೃಶ್ಯಗಳನ್ನು ಟೀವಿಯಲ್ಲಿ ಕಂಡವರಿಗೆ ನ್ಯೂಯಾರ್ಕಿನ ಆ ಕಿಟಕಿಗಳು ನೆನಪಾಗದೆ ಇರಲಿಲ್ಲ.

ಇನ್ನು ಎಣಿಕೆಯ ಮಾತು. ದಾಳಿಯ ಎರಡು ವಾರಗಳ ಬಳಿಕ ಕಾಣೆಯಾದವರ ಅಧಿಕೃತ ಅಂದಾಜು 6,000 ದಾಟಿತ್ತು. ಒಬ್ಬರ ಹೆಸರನ್ನು ಹೆಂಡತಿ, ಅಣ್ಣ, ಕಚೇರಿ, ದೂತಾವಾಸ ಹೀಗೆ ಹಲವರು ಬೇರೆ ಬೇರೆ ಕಾಗುಣಿತದಲ್ಲಿ ಬರೆಸಿದ್ದರು. ಸುರಕ್ಷಿತವಾಗಿ ಮನೆ ಸೇರಿದ ಕೆಲವರ ಹೆಸರನ್ನು ಯಾರೂ ತೆಗೆಸಿರಲಿಲ್ಲ. ಪರಿಹಾರದ ಆಸೆಗೆ ಸುಳ್ಳು ಹೆಸರು ಕೊಟ್ಟವರೂ ಇದ್ದರು. ಅಧಿಕಾರಿಗಳು ಒಂದೊಂದೇ ಹೆಸರು ಹಿಡಿದು ಪರಿಶೀಲಿಸುತ್ತಾ ಬಂದಂತೆ ಅಂಕಿ ಇಳಿಯುತ್ತಾ ಹೋಗಿ, 2004ರ ಹೊತ್ತಿಗೆ 2,749ಕ್ಕೆ ನಿಂತಿತು. ಪಟ್ಟಿಯಿಂದ ತೆಗೆಯುವಷ್ಟೇ ಸೇರಿಸುವುದೂ ಕಷ್ಟವಾಗಿತ್ತು. ದಾಖಲೆಗಳಿಲ್ಲದೆ ಕೆಲಸ ಮಾಡುತ್ತಿದ್ದ ವಲಸಿಗರು ಅಲ್ಲಿದ್ದರೆಂದು ತೋರಿಸಲು ಅವರ ಮನೆಯವರ ಬಳಿ ಸಂಬಳದ ಚೀಟಿಯೂ ಇರುತ್ತಿರಲಿಲ್ಲ, ಕಚೇರಿಗೆ ಹೋಗಿ ಹೇಳಲು ಧೈರ್ಯವೂ ಇರುತ್ತಿರಲಿಲ್ಲ. ಪಾಕಿಸ್ತಾನ ಮೂಲದ 23ರ ಹರೆಯದ ಯುವಕನೊಬ್ಬ, ತುರ್ತು ಚಿಕಿತ್ಸೆಯ ತರಬೇತಿ ಪಡೆದವನು, ಕೆಲಸಕ್ಕೆ ಹೋಗುವ ದಾರಿ ಬಿಟ್ಟು ಗೋಪುರಗಳ ಕಡೆಗೆ ಓಡಿದ. ಕಾಣೆಯಾದ ಅವನ ಬಗ್ಗೆ ಮೊದಲು ಹುಟ್ಟಿದ್ದು ಸಂಶಯ. ತಿಂಗಳುಗಳ ನಂತರ ಅವಶೇಷಗಳಲ್ಲಿ ಅವನ ಗುರುತು ಸಿಕ್ಕ ಮೇಲೆ ಅವನ ತಾಯಿ ತಲೆಯೆತ್ತಿ ಅಳುವಂತಾಯಿತು.

ಗುರುತು ಎಂದೆ. ಹದಿನೆಂಟು ಲಕ್ಷ ಟನ್ ಅವಶೇಷಗಳನ್ನು ತೆಗೆದು, ಸ್ಟೇಟನ್ ದ್ವೀಪದ ಕಸದ ಹಳೆ ಗುಡ್ಡೆಗೆ ಸಾಗಿಸಿ, ಜರಡಿ ಹಿಡಿದು ಸೋಸಿದಾಗ ಸಿಕ್ಕ ಮಾನವ ಅವಶೇಷಗಳು ಸುಮಾರು 22,000. ಇಡಿಯಾದ ದೇಹಗಳು ಬಹಳ ಕಡಿಮೆ. ತಿಂಗಳುಗಟ್ಟಲೆ ಉರಿದ ಬೆಂಕಿ, ನೀರು, ಸೂಕ್ಷ್ಮಾಣುಗಳು ಉಳಿದ ಚೂರುಗಳಲ್ಲಿನ ಡಿಎನ್‌ಎಯನ್ನೂ ಕೆಡಿಸಿದ್ದವು. ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್ ತಂದುಕೊಟ್ಟರು. ಅಂದಿನಿಂದ ಇಂದಿನವರೆಗೆ ನಗರದ ಪ್ರಯೋಗಾಲಯ ಅದೇ ಮೂಳೆ ಚೂರುಗಳನ್ನು ಹೊಸ ಹೊಸ ವಿಧಾನಗಳಿಂದ ಮತ್ತೆ ಮತ್ತೆ ಪರೀಕ್ಷಿಸುತ್ತಲೇ ಇದೆ. 2025ರ ಆಗಸ್ಟ್‌ನಲ್ಲೂ ಮೂವರ ಗುರುತು ಪತ್ತೆಯಾಯಿತು. ಹಾಗಿದ್ದೂ ಸುಮಾರು 1,100 ಮಂದಿಯ ಒಂದು ಚೂರೂ ಅವರ ಮನೆಯವರಿಗೆ ಸಿಕ್ಕಿಲ್ಲ. ಸಿಕ್ಕವರ ಪಾಡೂ ಸುಲಭದ್ದಲ್ಲ. ಒಂದು ಸಲ ಅಂತ್ಯಕ್ರಿಯೆ ಮುಗಿಸಿದ ಮನೆಗೆ ವರ್ಷಗಳ ನಂತರ ಇನ್ನೊಂದು ಚೂರು ಸಿಕ್ಕಿತೆಂದು ಫೋನ್ ಬರುತ್ತದೆ. ಇನ್ನು ಮುಂದೆ ತಿಳಿಸಬೇಡಿ ಎಂದು ಬರೆದುಕೊಟ್ಟ ಕುಟುಂಬಗಳಿವೆ, ಎಷ್ಟು ಸಲ ಸಿಕ್ಕರೂ ತಿಳಿಸಿ ಎಂದವರೂ ಇದ್ದಾರೆ.

ನ್ಯೂಯಾರ್ಕಿನ ಕಾನೂನಿನಲ್ಲಿ ಕಾಣೆಯಾದವರನ್ನು ಮೃತರೆಂದು ಭಾವಿಸಲು ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು, ನಮ್ಮಲ್ಲಿ ಏಳು ವರ್ಷ. ಅಂದು ನಗರಾಡಳಿತ ಈ ಕಾಯುವಿಕೆಯನ್ನು ಬದಿಗಿಟ್ಟು ಎರಡೇ ವಾರಗಳಲ್ಲಿ, ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಗಳ (ಅಫಿಡವಿಟ್) ಆಧಾರದ ಮೇಲೆ, ದೇಹವಿಲ್ಲದೆಯೇ ಮರಣ ಪ್ರಮಾಣಪತ್ರ ಕೊಡಲು ಏರ್ಪಾಡು ಮಾಡಿತು. ಅರ್ಜಿ ಹಾಕುವುದೆಂದರೆ ಆಸೆ ಬಿಡುವುದೆಂದೇ ಅರ್ಥವಾದ್ದರಿಂದ ಅನೇಕರು ಆ ಮೇಜಿನವರೆಗೂ ಹೋಗಿ ಹಿಂದಿರುಗಿದರು. ಅಕ್ಟೋಬರ್ ಕೊನೆಗೆ ಪ್ರತಿ ಕುಟುಂಬಕ್ಕೂ ಒಂದೊಂದು ಚಿಕ್ಕ ಕಲಶ ಕೊಡಲಾಯಿತು. ಅದರಲ್ಲಿದ್ದದ್ದು ಗೋಪುರಗಳು ಬಿದ್ದ ಜಾಗದ ಮಣ್ಣು. ಶವ ಸಿಗದಾಗ ದರ್ಭೆಯ ಬೊಂಬೆ ಮಾಡಿ ದಹಿಸುವ ಪದ್ಧತಿಯನ್ನು ಬಲ್ಲ ನಮ್ಮಂಥವರಿಗೆ ಆ ಹಿಡಿ ಮಣ್ಣು ಏಕೆ ಬೇಕಾಯಿತೆಂದು ವಿವರಿಸಬೇಕಾಗಿಲ್ಲ.

ಸಾವಿಗೆ ಬೆಲೆ ಕಟ್ಟುವ ಕೆಲಸವೂ ನಡೆಯಿತು. ಸಂಸತ್ತು ರಚಿಸಿದ ಪರಿಹಾರ ನಿಧಿಯ ಹೊಣೆ ಹೊತ್ತ ವಕೀಲ ಕೆನೆತ್ ಫೈನ್‌ಬರ್ಗ್ ಸುಮಾರು 700 ಕೋಟಿ ಡಾಲರ್ ಹಂಚಿದರು. ಸತ್ತವರು ಬದುಕಿದ್ದರೆ ಎಷ್ಟು ದುಡಿಯುತ್ತಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕಾನೂನೇ ಹೇಳಿತ್ತು. ಹಾಗಾಗಿ ಒಂದೇ ಗೋಪುರದಲ್ಲಿ ಒಂದೇ ಗಳಿಗೆಯಲ್ಲಿ ಸತ್ತ ಇಬ್ಬರಲ್ಲಿ ಒಬ್ಬರ ಮನೆಗೆ 70 ಲಕ್ಷ ಡಾಲರ್ ಬಂದರೆ ಇನ್ನೊಬ್ಬರ ಮನೆಗೆ ಎರಡೂವರೆ ಲಕ್ಷ ಬಂತು. ಇಂಥ ನಿಧಿಯಲ್ಲಿ ಎಲ್ಲ ಜೀವಗಳಿಗೂ ಒಂದೇ ಮೊತ್ತ ಇರಬೇಕೆಂಬ ನಿಲುವಿಗೆ ಫೈನ್‌ಬರ್ಗ್ ಅವರೇ ನಂತರ ಬಂದರು. ನನಗೂ ಅದೇ ಸರಿಯೆನಿಸುತ್ತದೆ.

ಈವರೆಗೆ ಹೇಳಿದ್ದು ಅಂದು ಸತ್ತವರ ವಿಷಯ. ಗೋಪುರಗಳು ಕುಸಿದಾಗ ಎದ್ದ ಧೂಳಿನಲ್ಲಿ ಪುಡಿಯಾದ ಸಿಮೆಂಟು, ಗಾಜಿನ ಎಳೆ, ಕಲ್ನಾರು, ಸೀಸ ಎಲ್ಲವೂ ಇದ್ದವು. ಅಗ್ನಿಶಾಮಕ ದಳದವರು, ಕಾರ್ಮಿಕರು, ಸ್ವಯಂಸೇವಕರು ತಿಂಗಳುಗಟ್ಟಲೆ ಅದರಲ್ಲೇ ನಿಂತು ದುಡಿದರು. ಎಷ್ಟೋ ಜನರ ಮುಖಕ್ಕೆ ಸರಿಯಾದ ಮುಸುಕೂ ಇರಲಿಲ್ಲ. ದಾಳಿಯಾದ ಒಂದೇ ವಾರಕ್ಕೆ, ಸೆಪ್ಟೆಂಬರ್ 18ರಂದು, ಕೇಂದ್ರ ಪರಿಸರ ರಕ್ಷಣಾ ಸಂಸ್ಥೆಯ ಮುಖ್ಯಸ್ಥೆ ಕ್ರಿಸ್ಟೀನ್ ಟಾಡ್ ವಿಟ್ಮನ್ ಅಲ್ಲಿನ ಗಾಳಿ ಉಸಿರಾಟಕ್ಕೆ ಸುರಕ್ಷಿತವೆಂದು ಹೇಳಿದರು. ಹಾಗೆ ಹೇಳಲು ಸಾಕಷ್ಟು ಮಾಹಿತಿ ಆಗ ಇರಲಿಲ್ಲವೆಂದು ಅದೇ ಸಂಸ್ಥೆಯ ಆಂತರಿಕ ತನಿಖಾಧಿಕಾರಿ 2003ರಲ್ಲಿ ವರದಿ ಕೊಟ್ಟರು. ಅಗ್ನಿಶಾಮಕ ದಳದ ವೈದ್ಯರು ನಡೆಸಿದ ಅಧ್ಯಯನದ ಪ್ರಕಾರ ಆ ಸಿಬ್ಬಂದಿಯ ಶ್ವಾಸಕೋಶಗಳ ಸಾಮರ್ಥ್ಯ ಮೊದಲ ಒಂದೇ ವರ್ಷದಲ್ಲಿ, ವಯಸ್ಸಾಗುತ್ತಾ ಹೋದರೆ ಹನ್ನೆರಡು ವರ್ಷಗಳಲ್ಲಿ ಕುಗ್ಗುವಷ್ಟು ಕುಗ್ಗಿತ್ತು. ಕೆಮ್ಮು ಮೊದಲು ಬಂತು, ಕ್ಯಾನ್ಸರ್ ಆಮೇಲೆ. ಚಿಕಿತ್ಸೆಯ ವೆಚ್ಚ ಭರಿಸುವ ಕಾನೂನಿಗೆ ಸಹಿ ಬಿದ್ದದ್ದು 2011ರ ಜನವರಿಯಲ್ಲಿ. ಕ್ಯಾನ್ಸರುಗಳು ಅದರ ವ್ಯಾಪ್ತಿಗೆ ಸೇರಿದ್ದು 2012ರಲ್ಲಿ. 2019ರಲ್ಲಿ, ಅರವತ್ತೊಂಬತ್ತನೇ ಬಾರಿಯ ಕೀಮೊಥೆರಪಿಗೆ ಹೋಗುವ ಮುನ್ನಾದಿನ, ನಿವೃತ್ತ ಪೊಲೀಸ್ ಪತ್ತೇದಾರ ಲೂಯಿಸ್ ಆಲ್ವರೆಜ್ ಸಂಸದರ ಎದುರು ಕುಳಿತು ಪರಿಹಾರ ನಿಧಿಯನ್ನು ಮುಂದುವರಿಸಿ ಎಂದು ಕೇಳಿಕೊಳ್ಳಬೇಕಾಯಿತು. ತಿಂಗಳು ಮುಗಿಯುವುದರೊಳಗೆ ಅವರು ತೀರಿಕೊಂಡರು.

ಅಂದಿನ ಧೂಳಿನ ಮೋಡದಲ್ಲೇ ಸಿಲುಕಿ ಮುಂದೆ ಸತ್ತ ಕೆಲವರನ್ನು 2007ರಿಂದ ಈಚೆಗೆ ಅಧಿಕೃತ ಪಟ್ಟಿಗೆ ಸೇರಿಸಿದ್ದರಿಂದ 2,753 ಎಂಬ ಅಂಕಿ ಪೂರ್ತಿಯಾಯಿತು. ಆದರೆ ತಿಂಗಳುಗಟ್ಟಲೆ ಅವಶೇಷ ಎತ್ತಿ, ಆ ಧೂಳಿನ ರೋಗಗಳಿಂದ ಸತ್ತ ಸಾವಿರಾರು ಜನ ಅದರಲ್ಲಿಲ್ಲ. ನ್ಯೂಯಾರ್ಕಿನ ಅಗ್ನಿಶಾಮಕ ದಳವೊಂದರಲ್ಲೇ ಹೀಗೆ ಸತ್ತವರ ಸಂಖ್ಯೆ 2023ರಲ್ಲಿ 343ನ್ನು ಮುಟ್ಟಿತು, ಆಮೇಲೆ ಅದನ್ನೂ ದಾಟಿತು. ದಾಳಿಯಾದ ನಾಲ್ಕನೇ ದಿನ ಅರಿಜೋನಾದ ಮೆಸಾ ಪಟ್ಟಣದಲ್ಲಿ, ತಲೆಗೆ ರುಮಾಲು ಸುತ್ತಿದ್ದ ಒಂದೇ ಕಾರಣಕ್ಕೆ ತನ್ನ ಪೆಟ್ರೋಲ್ ಬಂಕಿನ ಮುಂದೆ ಗುಂಡೇಟಿಗೆ ಬಲಿಯಾದ ಪಂಜಾಬಿನ ಸಿಖ್ ವ್ಯಕ್ತಿಯೂ ಆ ಪಟ್ಟಿಯಲ್ಲಿಲ್ಲ. ಅಲ್ಲಿಂದ ಮುಂದೆ ಆಫ್ಘಾನಿಸ್ತಾನದಿಂದ ಇರಾಕಿನವರೆಗೆ ಹಬ್ಬಿದ ಯುದ್ಧಗಳಲ್ಲಿ ನೇರವಾಗಿ ಸತ್ತವರು ಒಂಬತ್ತು ಲಕ್ಷದ ಆಸುಪಾಸು ಎಂದು ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ ಹೇಳುತ್ತದೆ; ಅವರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಸಾಮಾನ್ಯ ನಾಗರಿಕರು.

ಗೋಪುರಗಳಿದ್ದ ಜಾಗದಲ್ಲಿ ಈಗ ಎರಡು ಚೌಕಾಕಾರದ ಕೊಳಗಳಿವೆ, ನಾಲ್ಕೂ ಬದಿಯಿಂದ ನೀರು ಒಳಕ್ಕೆ ಬೀಳುತ್ತಲೇ ಇರುತ್ತದೆ. ಸುತ್ತಲಿನ ಕಂಚಿನ ಫಲಕಗಳಲ್ಲಿ, 1993ರಲ್ಲಿ ಸತ್ತ 6 ಮಂದಿಯೂ ಸೇರಿ, 2,983 ಹೆಸರುಗಳನ್ನು ಕೊರೆದಿದ್ದಾರೆ. ಅಕ್ಷರಮಾಲೆಯ ಕ್ರಮ ಅಲ್ಲಿಲ್ಲ. ಒಟ್ಟಿಗೆ ಕೆಲಸ ಮಾಡುತ್ತಿದ್ದವರು, ಒಟ್ಟಿಗೆ ಇಳಿಯಲು ಯತ್ನಿಸಿದ ಸ್ನೇಹಿತರು ಮನೆಯವರ ಕೋರಿಕೆಯಂತೆ ಅಕ್ಕಪಕ್ಕದಲ್ಲಿದ್ದಾರೆ. ಭಾರತದ ಹೆಸರುಗಳೂ ಆ ಕಂಚಿನಲ್ಲಿವೆ. ಕೆಲವು ಹೆಸರುಗಳ ಮುಂದೆ ಹುಟ್ಟದ ಮಗು ಎಂದೂ ಕೊರೆದಿದೆ. ಯಾರ ಹುಟ್ಟುಹಬ್ಬವೋ ಅವರ ಹೆಸರಿನ ಸಂದಿಯಲ್ಲಿ ಆ ಬೆಳಿಗ್ಗೆ ಒಂದು ಬಿಳಿ ಗುಲಾಬಿ ಸಿಕ್ಕಿಸಿರುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಮರಗಳ ನಡುವಿನ ದಾರಿಯ ಇಕ್ಕೆಲದಲ್ಲಿ, ಧೂಳಿನಿಂದ ಸತ್ತವರಿಗೂ ಇನ್ನೂ ನರಳುತ್ತಿರುವವರಿಗೂ 2019ರ ಮೇ 30ರಂದು ನಿಲ್ಲಿಸಿದ ಆರು ದೊಡ್ಡ ಬಂಡೆಗಳಿವೆ. ಅವುಗಳ ಮೇಲೆ ಯಾರ ಹೆಸರನ್ನೂ ಕೊರೆದಿಲ್ಲ.